ಸೂತ್ರಧಾರನೂ ಸರ್ವೇಶ್ವರನೂ

ನಾವು ಕಾಣುವ ಈ ಜಗತ್ತು ಗಣಕಯಂತ್ರದೊಳಗೆ ಯಾರೋ ನಿರ್ಮಿಸಿರುವ ಪ್ರತಿಕೃತಿಯಾಗಿರಬಹುದೇ ಎಂಬ ಪ್ರಶ್ನೆಯು ಎರಡು ದಶಕಗಳಿಂದ ಪಾಶ್ಚಾತ್ಯ ವಿದ್ವಾಂಸರ ಚರ್ಚೆಗೆ ವಿಷಯವಾಗಿರುವುದು. 2003ರಲ್ಲಿ ಆಕ್ಸ್‌ಫರ್ಡಿನ ತತ್ತ್ವಜ್ಞ ನಿಕ್ ಬಾಸ್ಟ್ರಮರು ಇದಕ್ಕೆ ತರ್ಕಬದ್ಧವಾದ ರೂಪವನ್ನು ಕೊಟ್ಟರು. ಮೂರರಲ್ಲಿ ಒಂದಾದರೂ ನಿಜವಾಗಿರಲೇಬೇಕೆಂದು ಅವರ ವಾದ: ಅಂತಹ ಯಂತ್ರಶಕ್ತಿಯನ್ನು ಪಡೆಯುವ ಮೊದಲೇ ನಾಗರಿಕತೆಗಳು ನಾಶ ಹೊಂದುವುವು, ಪಡೆದರೂ ತಮ್ಮ ಪೂರ್ವಜರ ಪ್ರತಿಕೃತಿಗಳನ್ನು ನಿರ್ಮಿಸುವ ಗೋಜಿಗೆ ಹೋಗವು, ಇಲ್ಲವೆ ನಾವೇ ಅಂತಹ ಪ್ರತಿಕೃತಿಯೊಳಗೆ ಇರುವೆವು. ಮೂರನೆಯದೇ ನಿಜವೆಂದು ಅವರು ಸಾಧಿಸಿಲ್ಲ. ಆದರೂ ಅದನ್ನೇ ಹಿಡಿದು, ಆ ನಿರ್ಮಾತೃವನ್ನೇ ದೇವರೆನ್ನಬಹುದೆಂದು ಹೇಳುವವರುಂಟು. ಈ ಸಮೀಕರಣವು ಸಲ್ಲತಕ್ಕುದೇ?

ಕುಂದಾಪುರ ಸೀಮೆಯವರಿಗೆ ಈ ಪ್ರಶ್ನೆಯು ತೀರ ಅಪರಿಚಿತವಾದುದಲ್ಲ. ಉಪ್ಪಿನಕುದ್ರುವಿನ ಕೊಗ್ಗ ಕಾಮತರ ಮನೆತನದವರು ಯಕ್ಷಗಾನದ ಗೊಂಬೆಗಳನ್ನು ಕುಣಿಸುವುದನ್ನು ಅವರು ಬಲ್ಲರು. ಗೊಂಬೆಯ ಪಾಲಿಗೆ ಸೂತ್ರಧಾರನು ಸರ್ವಶಕ್ತನೇ ಸರಿ. ಆದರೆ ಅವನ ತೋಳೂ ಸೋಲುವುದು, ಅವನಿಗೂ ಹಸಿವಾಗುವುದು. ಗಣಕದೊಳಗೆ ಜಗತ್ತನ್ನು ಹೂಡುವವನೂ ಅಂತೆಯೇ. ತನ್ನ ಸೃಷ್ಟಿಯಲ್ಲಿ ಬೇಕಾದಾಗ ಕೈಯಾಡಿಸಬಲ್ಲನು. ಆದರೆ ಅವನಿಗೆ ಯಂತ್ರವು ಬೇಕು, ಯಂತ್ರಕ್ಕೆ ವಿದ್ಯುತ್ತು ಬೇಕು. ಅದೇ ಸೀಮೆಯಲ್ಲಿ, ಘಟ್ಟದ ಬುಡದಲ್ಲಿರುವ ಅಮಾಸೆಬೈಲು ಮನೆಮನೆಯ ಸೌರದೀಪಗಳಿಂದ ಹೆಸರಾದ ಗ್ರಾಮ. ಅಲ್ಲಿ ಸ್ವಿಚ್ಚನ್ನು ಒತ್ತುವವನು ಮನೆಯ ಯಜಮಾನನೇ ಆದರೂ ಬೆಳಕಿನ ಮೂಲವು ಅವನಲ್ಲ; ಸೂರ್ಯನು. ದೀಪವನ್ನು ಹೊತ್ತಿಸುವ ಅಧಿಕಾರವು ಬೇರೆ, ಬೆಳಕಿಗೆ ಆಧಾರವಾಗಿರುವುದು ಬೇರೆ.

ಉಡುಪಿಗೆ ಸಮೀಪದ ಪಾಜಕದಲ್ಲಿ 13ನೆಯ ಶತಮಾನದಲ್ಲಿ ಜನಿಸಿದ ಮಧ್ವಾಚಾರ್ಯರು ಈ ಭೇದವನ್ನೇ ಸಿದ್ಧಾಂತದ ತಳಹದಿಯನ್ನಾಗಿ ಮಾಡಿದರು. ತತ್ತ್ವವು ಸ್ವತಂತ್ರವೆಂದೂ ಅಸ್ವತಂತ್ರವೆಂದೂ ಎರಡು ಬಗೆ, ಸ್ವತಂತ್ರನು ಭಗವಂತನೊಬ್ಬನೇ. ಈ ಒರೆಗಲ್ಲಿಗೆ ಹಚ್ಚಿದರೆ ಗಣಕದ ಸೃಷ್ಟಿಕರ್ತನು ಎಷ್ಟೇ ಬಲ್ಲಿದನಾದರೂ ಅಸ್ವತಂತ್ರನೇ. ಅವನೂ ಇನ್ನೊಬ್ಬನ ಯಂತ್ರದೊಳಗಿನ ಗೊಂಬೆಯಾಗಿರಬಾರದೇಕೆ? ನಮಗಿಂತ ಕುಶಲನಾದ ಬಡಗಿಯನ್ನು ನಾವು ಮೆಚ್ಚಬಹುದು, ಪೂಜಿಸಬೇಕಾದ ಕಾರಣವಿಲ್ಲ.

ಆಚಾರ್ಯರ ಇನ್ನೊಂದು ಮಾತೂ ಇಲ್ಲಿ ಸ್ಮರಣೀಯವಾದುದು. ಜಗತ್ತು ಪರಾಧೀನವಾದರೂ ಮಿಥ್ಯೆಯಲ್ಲ, ಸತ್ಯವೇ. ಪರಾಧೀನತೆಯನ್ನೇ ಸುಳ್ಳೆಂದು ಭ್ರಮಿಸಿದರೆ, ನೆರೆಯವನ ಹಸಿವೂ ಆಟವೇ, ಅವನ ಅಳುವೂ ಆಟವೇ ಎಂಬ ಔದಾಸೀನ್ಯವು ನಮ್ಮನ್ನು ಮುತ್ತುವುದು. ನೋಯುವವನಿಗೆ ನೋವು ಯಾವ ಯಂತ್ರದೊಳಗಿದ್ದರೂ ನೋವೇ. ನಾಳೆ ಮನುಷ್ಯನೇ ನೋಯಬಲ್ಲ ಜೀವಗಳನ್ನು ಗಣಕದಲ್ಲಿ ನಿರ್ಮಿಸುವ ಕಾಲವು ಬಂದರೆ, ಆ ಸಾಮರ್ಥ್ಯದಿಂದ ಅವನು ದೇವರಾಗುವುದಿಲ್ಲ, ಅವುಗಳಿಗೆ ಋಣಿಯಾಗುವನು.

ಈ ಜಗತ್ತನ್ನು ಯಾರು ಹೂಡಿದರೆಂಬ ವಿಚಾರವನ್ನು ವಿದ್ವಾಂಸರು ಮುಂದುವರಿಸಲಿ. ತೀರ್ಪು ಬರುವವರೆಗೆ ಕತ್ತಲೆಯ ಮನೆಗೆ ದೀಪವನ್ನು ಒಯ್ಯುವ ಕೆಲಸವು ಕಾಯಬೇಕಾಗಿಲ್ಲ. ತೀರ್ಪು ಯಾವುದಾದರೂ ಆ ಕೆಲಸದ ಬೆಲೆಯು ಕುಂದಲಾರದು.