ಪೋರ್ಟಲ್ 2 ಗೇಮ್ ಆಡಿದರೆ ಬುದ್ಧಿ ಚುರುಕಾಗುತ್ತದೆಯೇ?

'ಪೋರ್ಟಲ್ 2 ಆಡಿ, ಬ್ರೇನ್ ಟ್ರೈನಿಂಗ್ ಆ್ಯಪ್‌ಗಿಂತ ಹೆಚ್ಚು ಬುದ್ಧಿ ಬೆಳೆಯುತ್ತದೆ' ಎಂಬ ಮಾತು ನಿಮ್ಮ ಕಣ್ಣಿಗೂ ಬಿದ್ದಿರಬಹುದು. ಇದು ಪೂರ್ತಿ ಸುಳ್ಳಲ್ಲ. ಹಾಗೆಂದು ಪೂರ್ತಿ ನಿಜವೂ ಅಲ್ಲ.

ಮೊದಲು ಗೇಮ್ ಬಗ್ಗೆ. ವಾಲ್ವ್ ಕಂಪನಿ 2007ರಲ್ಲಿ ಪೋರ್ಟಲ್, 2011ರಲ್ಲಿ ಪೋರ್ಟಲ್ 2 ಬಿಡುಗಡೆ ಮಾಡಿತು. ಪಾತ್ರದ ಕಣ್ಣಿನಿಂದಲೇ ಎಲ್ಲವನ್ನೂ ನೋಡುತ್ತಾ ಆಡುವ ಪಝಲ್ ಗೇಮ್ ಇದು. ಕೈಯಲ್ಲಿ ಗನ್ ಇರುತ್ತದೆ, ಗುಂಡು ಇರುವುದಿಲ್ಲ. ಅದು ಒಂದು ಕಡೆ ನೀಲಿ ಬಾಗಿಲು, ಇನ್ನೊಂದು ಕಡೆ ಕಿತ್ತಳೆ ಬಾಗಿಲು ತೆರೆಯುತ್ತದೆ. ಒಂದರೊಳಗೆ ಹೊಕ್ಕರೆ ಮತ್ತೊಂದರಿಂದ ಹೊರಗೆ! ಎತ್ತರದಿಂದ ನೆಲದ ಬಾಗಿಲಿಗೆ ಧುಮುಕಿದರೆ, ಗೋಡೆಯ ಬಾಗಿಲಿನಿಂದ ಅದೇ ವೇಗದಲ್ಲಿ ಚಿಮ್ಮಿ ದೊಡ್ಡ ಕಂದಕವನ್ನೇ ದಾಟಬಹುದು.

ಇದನ್ನೆಲ್ಲ ಯಾರೂ ಪಾಠ ಮಾಡುವುದಿಲ್ಲ. ಮೊದಲ ಪೋರ್ಟಲ್‌ನಲ್ಲಿ ಹಲವು ಪರೀಕ್ಷಾ ಕೋಣೆಗಳಿವೆ. ಆರಂಭದಲ್ಲಿ ನಿಮ್ಮ ಬಳಿ ಗನ್ನೇ ಇಲ್ಲ, ಬಾಗಿಲುಗಳು ತಾವಾಗಿಯೇ ತೆರೆಯುತ್ತವೆ, ನೀವು ನಡೆದು ನೋಡಬೇಕಷ್ಟೆ. ಆಮೇಲೆ ಗನ್ ಸಿಕ್ಕರೂ ಅದು ನೀಲಿ ಬಾಗಿಲನ್ನು ಮಾತ್ರ ತೆರೆಯುತ್ತದೆ. ಎರಡೂ ಕೈಗೆ ಬರುವ ಹೊತ್ತಿಗೆ ಲೆಕ್ಕಾಚಾರ ನಿಮ್ಮ ತಲೆಯಲ್ಲಿ ಕೂತಿರುತ್ತದೆ. ಕೋಣೆಗಳನ್ನು ಜನರಿಂದ ಆಡಿಸಿ, ಅವರು ಎಲ್ಲಿ ತಡವರಿಸುತ್ತಾರೆ ಎಂದು ನೋಡಿ, ತಯಾರಕರು ಮತ್ತೆ ಮತ್ತೆ ತಿದ್ದಿದ್ದರು. ಆದರೂ ನಾವು ಕೆಲವು ಕೋಣೆಗಳಲ್ಲಿ ಅರ್ಧ ಗಂಟೆ ಒದ್ದಾಡಿದ್ದುಂಟು. ಉತ್ತರ ಮೊದಲಿಂದಲೂ ಕಣ್ಣೆದುರೇ ಇತ್ತು ಎಂದು ತಿಳಿದಾಗ ನಗು ಬರುತ್ತದೆ, ಸಿಟ್ಟು ಬರುವುದಿಲ್ಲ.

ಸರಿ, ಬುದ್ಧಿಯ ವಿಷಯ? ಅಮೆರಿಕದ ಫ್ಲೋರಿಡಾ ಸ್ಟೇಟ್ ವಿಶ್ವವಿದ್ಯಾಲಯದ ಸಂಶೋಧಕರು 77 ವಿದ್ಯಾರ್ಥಿಗಳನ್ನು ಎರಡು ಗುಂಪು ಮಾಡಿ, ಒಂದಕ್ಕೆ ಪೋರ್ಟಲ್ 2, ಇನ್ನೊಂದಕ್ಕೆ 'ಲುಮೋಸಿಟಿ' ಎಂಬ ಬ್ರೇನ್ ಟ್ರೈನಿಂಗ್ ಆಟಗಳನ್ನು 8 ಗಂಟೆ ಆಡಿಸಿದರು. 2015ರಲ್ಲಿ ಪ್ರಕಟವಾದ ಫಲಿತಾಂಶದ ಪ್ರಕಾರ, ಸಮಸ್ಯೆ ಬಿಡಿಸುವುದು, ಜಾಗ ಮತ್ತು ದಿಕ್ಕಿನ ಅಂದಾಜು, ಪಟ್ಟು ಬಿಡದ ಸ್ವಭಾವ, ಈ ಮೂರರಲ್ಲೂ ಪೋರ್ಟಲ್ ಗುಂಪು ಮುಂದಿತ್ತು.

ಇಲ್ಲಿಗೆ ಫಾರ್ವರ್ಡ್ ಮುಗಿಯುತ್ತದೆ, ವಿಷಯ ಮುಗಿಯುವುದಿಲ್ಲ. ಆಟಕ್ಕೆ ಮೊದಲಿನ ಅಂಕಗಳಿಗೆ ಹೋಲಿಸಿದರೆ ಪೋರ್ಟಲ್ ಆಡಿದವರಲ್ಲಿ ಸ್ಪಷ್ಟ ಏರಿಕೆ ಕಂಡಿದ್ದು ಜಾಗ, ದಿಕ್ಕಿಗೆ ಸಂಬಂಧಿಸಿದ ಕೆಲವು ಪರೀಕ್ಷೆಗಳಲ್ಲಿ ಮಾತ್ರ. ಏನನ್ನೂ ಆಡದ ಮೂರನೇ ಗುಂಪೂ ಇರಲಿಲ್ಲ. ಇನ್ನು ಲುಮೋಸಿಟಿಯನ್ನು ಮೀರಿಸುವುದು ಅಂಥ ದೊಡ್ಡ ಸಾಧನೆಯೇ? ಸಾಕಷ್ಟು ಪುರಾವೆ ಇಲ್ಲದೆ ಜಾಹೀರಾತು ಮಾಡಿದ ಆರೋಪದ ಮೇಲೆ ಅದರ ಕಂಪನಿ 2016ರಲ್ಲಿ ಅಮೆರಿಕದ ಫೆಡರಲ್ ಟ್ರೇಡ್ ಕಮಿಷನ್‌ಗೆ 20 ಲಕ್ಷ ಡಾಲರ್ ಕಟ್ಟಲು ಒಪ್ಪಿಕೊಂಡಿತ್ತು. ಮಕ್ಕಳ ಮೆದುಳಿನ ಹೆಸರಿನಲ್ಲಿ ಆ್ಯಪ್‌ಗಳಿಗೆ ತಿಂಗಳ ಚಂದಾ ಕಟ್ಟುತ್ತಿರುವ ಪಾಲಕರು ಇದನ್ನು ಗಮನಿಸಬೇಕು.

ಇನ್ನೊಂದು ಮಾತು: ಇಂಥ ಗೇಮ್ ಆಡುವಾಗ ಕೆಲವರಿಗೆ ತಲೆ ಸುತ್ತುತ್ತದೆ, ವಾಕರಿಕೆ ಬರುತ್ತದೆ. ಕಣ್ಣು 'ಚಲಿಸುತ್ತಿದ್ದೇವೆ' ಎನ್ನುತ್ತದೆ, ಒಳಕಿವಿ 'ಇಲ್ಲ, ಕೂತಿದ್ದೇವೆ' ಎನ್ನುತ್ತದೆ. ಹಾಗಾದರೆ ಆಟ ನಿಲ್ಲಿಸಿ, ಎದ್ದು ಸ್ವಲ್ಪ ಗಾಳಿಗೆ ಬನ್ನಿ. ಕೋಣೆ ಎಲ್ಲಿಗೂ ಹೋಗುವುದಿಲ್ಲ.