ಹಳೆ ಕಾರಿಗೆ ಹೊಸ ಒಡತಿ

ಕಾರು ಕೊಳ್ಳೋಣ ಅಂತ ಮನೆಯಲ್ಲಿ ಬಾಯಿ ಬಿಟ್ಟರೆ ಸಾಕು, ಸಲಹೆಗಳು ಶುರು! 'ಹೆಂಗಸರಿಗೆ ಸಣ್ಣ ಕಾರೇ ಸರಿ ಕಣಮ್ಮ' ಅಂತ ಮಾವ, 'ಹಳೆ ಕಾರು ಅಂದ್ರೆ ತಲೆನೋವು' ಅಂತ ಭಾವ, 'ಬಸ್ಸು ಫ್ರೀ ಇದೆಯಲ್ಲ' ಅಂತ ಅತ್ತೆ. ಅತ್ತೆಯ ಮಾತಿನಲ್ಲಿ ಹುರುಳಿದೆ, ಅದಕ್ಕೆ ಆಮೇಲೆ ಬರೋಣ. ನಿಮ್ಮ ಕಣ್ಣು ಬಿದ್ದಿರುವುದು ಮಾತ್ರ ತಗ್ಗಿ ಕೂತ, ಕಾಲು ಒತ್ತಿದ ಕೂಡಲೇ ಮುನ್ನುಗ್ಗುವ ಒಂದು ಸೆಡಾನ್ ಮೇಲೆ. ಹತ್ತು ವರ್ಷದ ಹಿಂದೆ ದೊಡ್ಡವರ ಮನೆಯ ಅಂಗಳದಲ್ಲಿ ನಿಲ್ಲುತ್ತಿದ್ದ ಕಾರು ಈಗ ಹೊಸ ಸಣ್ಣ ಕಾರಿಗಿಂತ ಕಡಿಮೆ ದುಡ್ಡಿಗೆ ಸಿಗುತ್ತದೆ. ಆಸೆ ಪಡೋದು ತಪ್ಪೇ? ಖಂಡಿತ ಅಲ್ಲ. ಆದರೆ ಅದನ್ನು ನೋಡಿ ಮೆಚ್ಚುವುದು ಬೇರೆ, ದಿನಾ ಬೆಳಗ್ಗೆ ಎಂಟಕ್ಕೆ ಅದರಲ್ಲಿ ಕೆಲಸಕ್ಕೆ ಹೊರಡುವುದು ಬೇರೆ.

ಇಲ್ಲಿ ಹೇಳುತ್ತಿರುವುದು ಕೆಎ-45ರ ಸೀಮೆಯವರಿಗೆ. ಹುಣಸೂರು, ಪಿರಿಯಾಪಟ್ಟಣ, ಕೆ.ಆರ್.ನಗರ, ಎಚ್.ಡಿ.ಕೋಟೆ. ಸಾಲಿಗ್ರಾಮ, ಸರಗೂರು ಈಗ ಬೇರೆ ತಾಲ್ಲೂಕುಗಳಾದರೂ ರಸ್ತೆಗಳು ಅವೇ, ಹಂಪುಗಳೂ ಅವೇ! ನೀವು ಶಿಕ್ಷಕಿಯೋ, ನರ್ಸೋ, ಬ್ಯಾಂಕಿನವರೋ, ಪಂಚಾಯ್ತಿ ಕೆಲಸದವರೋ, ಊರಿಂದೂರಿಗೆ ಓಡಾಡಲೇಬೇಕಾದವರು ಅಂತ ಇಟ್ಟುಕೊಳ್ಳೋಣ.

ಮೊದಲು ಅತ್ತೆಯ ಮಾತು. 2023ರ ಜೂನ್ 11ರಿಂದ ಶಕ್ತಿ ಯೋಜನೆಯಲ್ಲಿ ಸಾಮಾನ್ಯ ಸರ್ಕಾರಿ ಬಸ್ಸಿನಲ್ಲಿ ಮಹಿಳೆಯರಿಗೆ ಟಿಕೆಟ್ ದುಡ್ಡಿಲ್ಲ. ಕಾರಿನ ಲೆಕ್ಕ ನೋಡಿ: ಹುಣಸೂರಿನಿಂದ ಮೈಸೂರಿಗೆ ಸುಮಾರು 45 ಕಿ.ಮೀ. ಹೋಗಿಬಂದರೆ 90. ತಿಂಗಳಿಗೆ 25 ದಿನ ಅಂದರೆ 2,250 ಕಿ.ಮೀ. ಲೀಟರಿಗೆ 15 ಕೊಟ್ಟರೂ 150 ಲೀಟರ್ ಪೆಟ್ರೋಲ್, ಅಂದರೆ 15 ಸಾವಿರಕ್ಕೂ ಮೇಲೆ. ಟಯರು, ಸರ್ವೀಸು, ವಿಮೆ ಇನ್ನೂ ಸೇರಿಲ್ಲ. ನನ್ನ ಅಭಿಪ್ರಾಯ ಕೇಳಿದರೆ, ಮೈಸೂರಿನ ನೇರ ದಾರಿಯಲ್ಲಿ ಮನೆ, ಕಚೇರಿ ಎರಡೂ ಬಸ್ ಸ್ಟ್ಯಾಂಡಿನ ಹತ್ತಿರ ಇರುವವರು ಕಾರು ಕೊಂಡರೂ ದಿನಾ ಬಸ್ಸಿಗೇ ಹೋಗಿ. ಕಾರಿನ ನಿಜವಾದ ಉಪಯೋಗ ಅಡ್ಡ ದಾರಿಗಳಲ್ಲಿ. ಹುಣಸೂರಿನಿಂದ ಕೋಟೆಗೆ, ಕೆ.ಆರ್.ನಗರದಿಂದ ಪಿರಿಯಾಪಟ್ಟಣಕ್ಕೆ, ಹೋಬಳಿಯ ಒಳಗಿನ ಶಾಲೆಗೆ. ಒಂದು ಬಸ್ಸು ತಪ್ಪಿದರೆ ಒಂದು ಗಂಟೆ ಕಾಯುವ ಕಡೆ, ಕತ್ತಲಾದ ಮೇಲೆ ಯಾರ ಬೈಕಿಗೋ ಫೋನ್ ಮಾಡಬೇಕಾದ ಕಡೆ ಕಾರು ಅಂದರೆ ಶೋಕಿ ಅಲ್ಲ.

ಯಾವ ಕಾರು ಅಂತೀರಾ? 2014ರಲ್ಲಿ ಬಂದ ಹೋಂಡಾ ಸಿಟಿಯ ಪೆಟ್ರೋಲ್, ಮ್ಯಾನ್ಯುಯಲ್ ಗೇರಿನದು ನನ್ನ ಮೊದಲ ಆಯ್ಕೆ. 1,497 ಸಿಸಿ ಎಂಜಿನ್, 119 ಪಿಎಸ್ ಶಕ್ತಿ, ಬೆಲ್ಟಿನ ಬದಲು ಟೈಮಿಂಗ್ ಚೈನ್, ಮೈಸೂರಿನಲ್ಲಿ ಬಿಡಿಭಾಗಕ್ಕೆ ತೊಂದರೆಯಿಲ್ಲ. ಅದಕ್ಕೂ ಹಿಂದಿನದು, 2008ರ ಕೊನೆಯಿಂದ 2013ರವರೆಗಿನ ಸಿಟಿಯೂ ಗಟ್ಟಿ ಕಾರೇ. ಆದರೆ 15 ವರ್ಷ ತುಂಬಿದ ಕಾರಿಗೆ ಫಿಟ್‌ನೆಸ್ ಮಾಡಿಸಿ ಆರ್‌ಸಿ ನವೀಕರಿಸಬೇಕು, ಹಸಿರು ತೆರಿಗೆಯೂ ಉಂಟು. ಅದನ್ನು ಚೌಕಾಸಿಯಲ್ಲಿ ಮರೆಯಬೇಡಿ. ಇನ್ನೊಂದು ಮುಖ್ಯ ವಿಷಯ: ತಕಾಟಾ ಏರ್‌ಬ್ಯಾಗಿನ ದೋಷಕ್ಕಾಗಿ 2012, 2013ರ ಸಿಟಿಗಳನ್ನು ಕಂಪನಿ 2017 ಮತ್ತು 2018ರಲ್ಲಿ ವಾಪಸ್ ಕರೆದು ಆ ಭಾಗವನ್ನು ಉಚಿತವಾಗಿ ಬದಲಿಸಿಕೊಟ್ಟಿತ್ತು. ನೀವು ನೋಡಿದ ಕಾರಿಗೆ ಅದು ಆಗಿದೆಯೇ ಅಂತ ಚಾಸಿ ನಂಬರ್ ಕೊಟ್ಟು ಸರ್ವೀಸ್ ಸೆಂಟರಿನಲ್ಲಿ ಕೇಳಿ.

ಫೋಕ್ಸ್‌ವ್ಯಾಗನ್ ವೆಂಟೊ ಹೆದ್ದಾರಿಯಲ್ಲಿ ಹಿಡಿತ ತಪ್ಪದ ಕಾರು. ಆದರೆ ಡಿಎಸ್‌ಜಿ ಆಟೊಮ್ಯಾಟಿಕ್ ಗೇರಿನ ಹಳೆಯ ವೆಂಟೊ ಬೇಡವೇ ಬೇಡ. ಆ ಗೇರ್‌ಬಾಕ್ಸ್ ಕೈಕೊಟ್ಟರೆ ಬಿಲ್ಲು ನೋಡಿ ತಲೆ ತಿರುಗುತ್ತದೆ. ಫೋರ್ಡ್ ಫಿಯೆಸ್ಟಾ 1.6 ಎಸ್, ಫಿಯೆಟ್ ಲಿನಿಯಾ ಟಿ-ಜೆಟ್ ಅಂದರೆ ಪ್ರಾಣ ಬಿಡುವವರಿದ್ದಾರೆ. ಓಡಿಸೋಕೆ ಬಲು ಚೆಂದ, ನಿಜ. ಫಿಯೆಟ್ ಕಾರುಗಳು 2019ರ ಹೊತ್ತಿಗೆ ನಮ್ಮ ದೇಶದಲ್ಲಿ ನಿಂತುಹೋದವು, ಫೋರ್ಡ್ 2021ರಲ್ಲಿ ತಯಾರಿಕೆ ನಿಲ್ಲಿಸುವುದಾಗಿ ಹೇಳಿತು. ಒಂದು ಹೆಡ್‌ಲೈಟ್ ಒಡೆದರೆ ವಾರಗಟ್ಟಲೆ ಕಾಯುವ ಕಾರಿನಲ್ಲಿ ದಿನಾ ಡ್ಯೂಟಿಗೆ ಹೋಗಲಾದೀತೇ? ಭಾನುವಾರದ ಕಾರು ಅದು.

ಹುಡುಗರು ಅಲಾಯ್ ಹಾಕಿಸಿ, ಸ್ಪ್ರಿಂಗ್ ಕತ್ತರಿಸಿ ತಗ್ಗಿಸಿ, ಸೈಲೆನ್ಸರ್ ಬದಲಿಸಿ ಮೆರೆಸಿದ ಕಾರು ಎಷ್ಟೇ ಅಗ್ಗವಾಗಿ ಬಂದರೂ ಮುಟ್ಟಬೇಡಿ. ಮಾರ್ಪಾಡನ್ನು ವಿಮಾ ಕಂಪನಿಗೆ ತಿಳಿಸಿರದಿದ್ದರೆ ಪರಿಹಾರದ ಸಮಯದಲ್ಲಿ ತಕರಾರು ಬರುವುದು ನಿಮಗೆ, ಮೆರೆದವರಿಗಲ್ಲ.

<b>ಆರ್‌ಸಿ ಯಾರ ಹೆಸರಿಗೆ?</b>

ಇದನ್ನು ಸ್ವಲ್ಪ ನಿಧಾನವಾಗಿ ಓದಿ. ದುಡ್ಡು ನಿಮ್ಮದು, ಓಡಿಸೋರು ನೀವು, ಆರ್‌ಸಿ ಮಾತ್ರ ಯಜಮಾನರ ಹೆಸರಿಗೆ. ನಮ್ಮ ಕಡೆ ಇದು ಮಾಮೂಲು. 'ಯಾರ ಹೆಸರಾದರೇನು, ಮನೆ ಒಂದೇ ಅಲ್ವಾ' ಅಂತೀವಿ. ಮನೆ ಒಂದೇ, ವಿಮೆ ಒಂದೇ ಅಲ್ಲ! ಕಾರಿನ ವಿಮೆಯ ಜೊತೆ 'ಓನರ್-ಡ್ರೈವರ್' ವೈಯಕ್ತಿಕ ಅಪಘಾತ ವಿಮೆ ಅಂತ 15 ಲಕ್ಷ ರೂಪಾಯಿಯದು ಇರುತ್ತದೆ. ಅದು ಸಿಗುವುದು ಆರ್‌ಸಿಯಲ್ಲಿ ಹೆಸರಿರುವ, ಲೈಸೆನ್ಸ್ ಇರುವ ಮಾಲೀಕರೇ ಓಡಿಸುತ್ತಿದ್ದಾಗ. ಕಾರು ಗಂಡನ ಹೆಸರಿನಲ್ಲಿದ್ದು ನೀವು ಸ್ಟಿಯರಿಂಗ್ ಹಿಡಿದಿದ್ದಾಗ ಏನಾದರೂ ಆದರೆ ಆ 15 ಲಕ್ಷ ನಿಮ್ಮ ಮಕ್ಕಳಿಗೆ ಬರುವುದಿಲ್ಲ. ದಿನಾ ಓಡಿಸುವವರ ಹೆಸರಿಗೇ ಕಾರು ಇರಲಿ ಅನ್ನುವುದು ಹಟದ ಮಾತಲ್ಲ, ಲೆಕ್ಕದ ಮಾತು. ಮನೆಯಲ್ಲಿ ಹೀಗೇ ಹೇಳಿ ನೋಡಿ, ಯಾರೂ ಬೇಜಾರು ಮಾಡ್ಕೊಳ್ಳಲ್ಲ. ಮಾಡ್ಕೊಂಡರೂ ಪರವಾಗಿಲ್ಲ.

ಹೆಸರಿಗೆ ಮಾಡಿಸುವ ಕೆಲಸ ಹುಣಸೂರಿನ ಆರ್‌ಟಿಒ ಕಚೇರಿಯದು. ಫಾರಂ 29 ಮತ್ತು 30ಕ್ಕೆ ಮಾರುವವರ ಸಹಿ ಬೇಕು. ಅವರ ಸಾಲ ತೀರಿದ್ದರೂ ಆರ್‌ಸಿಯಲ್ಲಿ ಬ್ಯಾಂಕಿನ ಹೆಸರು ಉಳಿದಿದ್ದರೆ ಫಾರಂ 35 ಮತ್ತು ಬ್ಯಾಂಕಿನ ಪತ್ರ ಬೇಕು. ಅದು ಕೈಗೆ ಬರುವವರೆಗೆ ಪೂರ್ತಿ ದುಡ್ಡು ಕೊಡಬೇಡಿ. 'ಹಾಗೇ ಓಡಿಸ್ತಿರಿ ಮೇಡಂ, ಆಮೇಲೆ ಮಾಡಿಸಿದ್ರಾಯ್ತು' ಅನ್ನುವ ಬ್ರೋಕರಿಗೆ ಒಂದು ಮಾತು ಹೇಳಿ. ಕಾರು ಮಾರಿದರೂ ದಾಖಲೆಯಲ್ಲಿ ಹೆಸರಿರುವವರೇ ಮಾಲೀಕರು, ಅಪಘಾತದ ಪರಿಹಾರದ ಹೊಣೆ ಅವರದೇ ಅಂತ ಸುಪ್ರೀಂ ಕೋರ್ಟ್ 2018ರಲ್ಲೇ ಹೇಳಿದೆ. ಈ ಮಾತು ಮಾರುವವರ ಕಿವಿಗೆ ಬಿದ್ದರೆ ಅವರೇ ಸಹಿ ಹಾಕೋಕೆ ಓಡಿ ಬರ್ತಾರೆ. ವಿಮೆಯನ್ನೂ 14 ದಿನದೊಳಗೆ ನಿಮ್ಮ ಹೆಸರಿಗೆ ಮಾಡಿಸಿಕೊಳ್ಳಲು ಅರ್ಜಿ ಕೊಡಿ. ಹಳೆ ಮಾಲೀಕರ ನೋ ಕ್ಲೇಮ್ ಬೋನಸ್ ನಿಮಗೆ ಬರುವುದಿಲ್ಲ, ಆ ವ್ಯತ್ಯಾಸದ ಹಣ ಕಟ್ಟಬೇಕಾಗುತ್ತದೆ.

ಕೋಟೆ ಕಡೆಯವರಿಗೆ ವಯನಾಡಿನ ಕಾರುಗಳ ಆಸೆ ಬೇರೆ. ಬಾವಲಿ ದಾಟಿದರೆ ಕೇರಳ, ಅಲ್ಲಿಯ ಕಾರು ನೋಡೋಕೆ ಥಳಥಳ, ಬೆಲೆ ಕಡಿಮೆ. ಆದರೆ ಅಲ್ಲಿಯ ಆರ್‌ಟಿಒದಿಂದ ಫಾರಂ 28ರ ಎನ್‌ಒಸಿ ತರಬೇಕು, ಇಲ್ಲಿ ತೆರಿಗೆ ಕಟ್ಟಿ ಮರುನೋಂದಣಿ ಮಾಡಿಸಬೇಕು. ಕೂಡಿಸಿ ನೋಡಿದರೆ ಅಗ್ಗ ಉಳಿಯುವುದು ಅಪರೂಪ. 2018, 2019ರ ನೆರೆಯಲ್ಲಿ ಕೇರಳದಲ್ಲಿ ಎಷ್ಟೋ ಕಾರುಗಳು ಮುಳುಗಿದ್ದವು ಅನ್ನುವುದೂ ನೆನಪಿರಲಿ. ಸೀಟಿನ ಕೆಳಗಿನ ಕಬ್ಬಿಣದ ಹಳಿ ತುಕ್ಕು ಹಿಡಿದಿದೆಯೇ, ಡಿಕ್ಕಿಯಲ್ಲಿ ಸ್ಟೆಪ್ನಿ ಎತ್ತಿದರೆ ಒಣಗಿದ ಕೆಸರಿದೆಯೇ, ಗಾಜು ಮುಚ್ಚಿ ಐದು ನಿಮಿಷ ಕೂತರೆ ಮುಗ್ಗುಲು ವಾಸನೆ ಬರುತ್ತದೆಯೇ, ನೋಡಿ.

ಕಾರು ನೋಡೋಕೆ ಬೆಳಗ್ಗೆಯೇ ಹೋಗಿ, ಎಂಜಿನ್ ತಣ್ಣಗಿರುವಾಗ. 'ಸ್ಟಾರ್ಟ್ ಮಾಡಿಡ್ತೀನಿ ಬನ್ನಿ' ಅಂದರೆ 'ಬೇಡ, ನಾನೇ ಬಂದು ಮಾಡ್ತೀನಿ' ಅನ್ನಿ. ಮೀಟರು 50 ಸಾವಿರ ತೋರಿಸುತ್ತಿದ್ದು ಪೆಡಲಿನ ರಬ್ಬರು ಸವೆದು ನುಣ್ಣಗಾಗಿದ್ದರೆ ನಂಬಬೇಕಾದ್ದು ರಬ್ಬರನ್ನು! ಟಯರಿನ ಮೇಲೆ ನಾಲ್ಕು ಅಂಕಿ ಇರುತ್ತದೆ. 2319 ಅಂತಿದ್ದರೆ 2019ರ 23ನೇ ವಾರದ ಟಯರು. ಗುಂಡಿ ಉಳಿದಿದ್ದರೂ ಆರು ವರ್ಷ ದಾಟಿದ ಟಯರು ಬದಲಿಸಲೇಬೇಕು. ನಿಮಗೆ ಗೊತ್ತಿರುವ ಮೆಕ್ಯಾನಿಕ್‌ಗೆ ಅರ್ಧ ದಿನದ ಕೂಲಿ ಕೊಟ್ಟು ಕರೆದುಕೊಂಡು ಹೋಗಿ, ಕಾರನ್ನು ಎತ್ತಿಸಿ ಕೆಳಗಿನ ಆಯಿಲ್ ಚೇಂಬರ್ ತೋರಿಸಿ. ಅಲ್ಲಿ ಉಜ್ಜಿದ, ತಗ್ಗಾದ ಗುರುತಿದ್ದರೆ ಆ ಕಾರು ಹಂಪುಗಳ ಜೊತೆ ಹೇಗೆ ಬಾಳಿದೆ ಅಂತ ತಿಳಿಯುತ್ತದೆ. ಕೊಳ್ಳಲು ಇಟ್ಟ ದುಡ್ಡಿನಲ್ಲಿ ಐದನೇ ಒಂದು ಪಾಲು ಕೈಯಲ್ಲೇ ಉಳಿಸಿಕೊಳ್ಳಿ. ಮೊದಲ ಆರು ತಿಂಗಳಲ್ಲಿ ಅದು ಖರ್ಚಾಗಿಯೇ ಆಗುತ್ತದೆ.

<b>ತಗ್ಗಿನ ಹೊಟ್ಟೆ</b>

ಈ ಕಾರುಗಳ ಹೊಟ್ಟೆಗೂ ನೆಲಕ್ಕೂ ಇರುವ ಅಂತರ ಹೆಚ್ಚುಕಡಿಮೆ ಒಂದು ಗೇಣಿಗಿಂತ ಕಡಿಮೆ, ಸಿಟಿಯಲ್ಲಿ 165 ಮಿ.ಮೀ. ಅದೂ ಖಾಲಿ ಕಾರಿನ ಲೆಕ್ಕ. ಹಿಂದೆ ಮೂವರು ಕೂತು, ಡಿಕ್ಕಿಗೆ ಒಂದು ಮೂಟೆ ರಾಗಿ ಹಾಕಿದರೆ ಇನ್ನೂ ಇಳಿಯಿತು. ರಸ್ತೆ ಹಂಪು 10 ಸೆಂ.ಮೀ. ಎತ್ತರ, ಮೂರೂವರೆ ಮೀಟರಿಗಿಂತ ಹೆಚ್ಚು ಅಗಲ ಇರಬೇಕು ಅನ್ನುವುದು ಇಂಡಿಯನ್ ರೋಡ್ಸ್ ಕಾಂಗ್ರೆಸ್ ಮಾನದಂಡ. ಅಪಘಾತ ಆದ ಮಾರನೇ ದಿನ ಊರವರೇ ಸೇರಿ ಹಾಕಿದ ಹಂಪಿಗೆ ಯಾವ ಮಾನದಂಡ? ಗೋಡೆ ಅಡ್ಡ ಮಲಗಿಸಿದ ಹಾಗಿರುತ್ತದೆ.

ಇಲ್ಲಿ ಒಂದು ಉಪಾಯ. ಬಹಳ ಜನ ಹಂಪಿನ ಮೇಲೆ ಹತ್ತುವಾಗಲೂ ಬ್ರೇಕ್ ತುಳಿದೇ ಇರುತ್ತಾರೆ. ಬ್ರೇಕ್ ತುಳಿದಾಗ ಕಾರಿನ ಮೂತಿ ಕೆಳಗೆ ಬಾಗುತ್ತದೆ, ಬಂಪರ್ ಉಜ್ಜುತ್ತದೆ. ಹಂಪಿಗೆ ಮುಂಚೆಯೇ ಪೂರ್ತಿ ನಿಧಾನಿಸಿ, ಮುಂದಿನ ಚಕ್ರ ಹತ್ತುವ ಮೊದಲು ಬ್ರೇಕ್ ಬಿಟ್ಟು, ಮೊದಲ ಗೇರಿನಲ್ಲಿ ನಿಧಾನವಾಗಿ ದಾಟಿ. ಹಿಂದೆ ಮುಂದೆ ಯಾರೂ ಇಲ್ಲದಿದ್ದರೆ ಸ್ವಲ್ಪ ಓರೆಯಾಗಿ, ಒಂದೊಂದೇ ಚಕ್ರ ಹತ್ತುವ ಹಾಗೆ ಹೋಗಿ. ಹೊಟ್ಟೆ ಜೋರಾಗಿ ತಾಗಿದ ಮೇಲೆ ಡ್ಯಾಶ್‌ಬೋರ್ಡಿನಲ್ಲಿ ಕೆಂಪು ಆಯಿಲ್ ದೀಪ ಹತ್ತಿದರೆ ಮುಂದಿನ ಊರಿನ ತನಕ ಹೋಗೋಣ ಅನ್ನಬೇಡಿ. ಅಲ್ಲೇ ನಿಲ್ಲಿಸಿ ಎಂಜಿನ್ ಆರಿಸಿ. ಆಯಿಲ್ ಇಲ್ಲದೆ ನಾಲ್ಕು ಕಿ.ಮೀ. ಓಡಿದರೆ ಎಂಜಿನ್ನೇ ಹೋದೀತು.

ಹಂಪಿಗಿಂತ ನನಗೆ ಹೆಚ್ಚು ಭಯ ಒಕ್ಕಣೆಯದು. ಸುಗ್ಗಿ ಬಂತೆಂದರೆ ನಮ್ಮ ರಸ್ತೆಗಳೇ ಕಣ. ರಾಗಿ, ಹುರುಳಿ ಹರಡಿ ವಾಹನಗಳ ಚಕ್ರದಲ್ಲೇ ಒಕ್ಕಿಸುವುದು. ಲಾರಿ, ಬಸ್ಸು ಆರಾಮಾಗಿ ದಾಟುತ್ತವೆ. ತಗ್ಗಿನ ಕಾರು ಮಾತ್ರ ಹೊಟ್ಟೆಯಲ್ಲಿ ಸೊಪ್ಪು ಬಾಚಿಕೊಂಡು ಹೋಗುತ್ತದೆ. ಹುರುಳಿ ಬಳ್ಳಿ ಆಕ್ಸಲ್‌ಗೆ ಸುತ್ತಿಕೊಳ್ಳುತ್ತದೆ. ಪೆಟ್ರೋಲ್ ಕಾರಿನ ಸೈಲೆನ್ಸರ್ ಸಾಲಿನಲ್ಲಿರುವ ಕ್ಯಾಟಲಿಟಿಕ್ ಕನ್ವರ್ಟರ್ ನೂರಾರು ಡಿಗ್ರಿ ಕಾದಿರುತ್ತದೆ. ಒಣ ಹುಲ್ಲು ಅದಕ್ಕೆ ತಾಗಿ ಹೊತ್ತಿಕೊಂಡು ಕಾರುಗಳೇ ಸುಟ್ಟುಹೋದದ್ದು ನಮ್ಮ ರಾಜ್ಯದಲ್ಲಿ ನಡೆದಿದೆ. ಜೊತೆಗೆ ಕಾಳಿನ ಮೇಲೆ ಬ್ರೇಕ್ ಹಾಕಿದರೆ ಗೋಲಿಗಳ ಮೇಲೆ ನಿಂತ ಹಾಗೆ, ಕಾರು ಜಾರುತ್ತದೆ.

ಏನು ಮಾಡಬೇಕು? ದೂರದಿಂದಲೇ ನಿಧಾನಿಸಿ, ಗಾಜು ಇಳಿಸಿ, 'ಅಕ್ಕಾ, ಒಂಚೂರು ಪಕ್ಕಕ್ಕೆ ಸರಿಸ್ತೀರಾ, ಕಾರು ತಗ್ಗಿದೆ' ಅನ್ನಿ. ಹಾರನ್ ಹೊಡೆದರೆ ಜಗಳ, ಕೇಳಿದರೆ ದಾರಿ. ಒಕ್ಕೋರೂ ನಮ್ಮವರೇ ಅಲ್ವೇ? ಊರ ಕಣಗಳು ಸೈಟುಗಳಾದ ಮೇಲೆ ಅವರಾದರೂ ಎಲ್ಲಿಗೆ ಹೋಗಬೇಕು? ದಾಟಲೇಬೇಕಾಗಿ ಬಂದರೆ ದಾಟಿದ ಕೂಡಲೇ ಚೊಕ್ಕವಾದ ಜಾಗದಲ್ಲಿ ನಿಲ್ಲಿಸಿ ಬಗ್ಗಿ ನೋಡಿ. ಸಿಕ್ಕಿದ ಹುಲ್ಲನ್ನು ಕೈಯಿಂದ ಎಳೆಯಬೇಡಿ, ಕೋಲು ಬಳಸಿ. ಸುಟ್ಟ ವಾಸನೆ, ಹೊಗೆ ಕಂಡರೆ ಎಂಜಿನ್ ಆರಿಸಿ, ಮಕ್ಕಳನ್ನು ಮೊದಲು ಇಳಿಸಿ ದೂರ ಹೋಗಿ, ಬ್ಯಾಗು ಗೀಗು ಆಮೇಲೆ. ಹೊಗೆಸೊಪ್ಪಿನ ಬ್ಯಾರನ್ ಪಕ್ಕ, ಹುಲ್ಲು ಮೆದೆಯ ಹತ್ತಿರ, ಒಣ ಹುಲ್ಲಿನ ಮೇಲೆ ಬಿಸಿ ಕಾರು ನಿಲ್ಲಿಸುವುದೂ ಬೇಡ.

ಓಡಿಸುವ ವಿಷಯಕ್ಕೆ ಬಂದರೆ, ಶಕ್ತಿ ಇರುವ ಎಂಜಿನ್ ನಮಗೆ ಬೇಕಾಗಿರುವುದು ವೇಗಕ್ಕಲ್ಲ, ಓವರ್‌ಟೇಕ್ ಬೇಗ ಮುಗಿಸೋಕೆ. ಸಿಟಿಯಂಥ ಕಾರು ಐದನೇ ಗೇರಿನಲ್ಲಿ 60ರಲ್ಲಿ ಸೋಮಾರಿ. ಕಬ್ಬಿನ ಟ್ರ್ಯಾಕ್ಟರ್ ದಾಟುವ ಮೊದಲೇ ಮೂರನೇ ಗೇರಿಗೆ ಇಳಿಸಿ, ಎದುರು ಖಾಲಿ ಇದ್ದರಷ್ಟೇ ಹೊರಡಿ. ರಾತ್ರಿ ಹಿಂಬದಿ ದೀಪವೇ ಇಲ್ಲದ ಟ್ರೇಲರ್‌ಗಳು ಇರುತ್ತವೆ, ಕಾಡಂಚಿನಲ್ಲಿ ಜಿಂಕೆ, ಆನೆ ಎದುರಾಗುತ್ತವೆ. ಕತ್ತಲಲ್ಲಿ 60 ದಾಟಲೇಬೇಡಿ. ದಿನಾ 90 ಕಿ.ಮೀ. ಓಡಿಸುವವರಿಗೆ ನಾಲ್ಕೂವರೆ ತಿಂಗಳಲ್ಲೇ 10 ಸಾವಿರ ಕಿ.ಮೀ. ಆಗಿಬಿಡುತ್ತದೆ. ಆಯಿಲ್ ಬದಲಿಸೋಕೆ ವರ್ಷ ತುಂಬಲಿ ಅಂತ ಕಾಯುವ ಹಾಗಿಲ್ಲ. ಹಾಂ, ಹೈ ಹೀಲ್ಸ್ ಬಿಚ್ಚಿಟ್ಟು ಓಡಿಸಿ, ಸೀರೆ ನೆರಿಗೆ ಪೆಡಲಿಗೆ ಸಿಗದ ಹಾಗೆ ಎತ್ತಿ ಸಿಕ್ಕಿಸಿಕೊಳ್ಳಿ.

ಮಂಡಿನೋವಿನ ಅತ್ತೆಯವರಿಗೆ ಈ ತಗ್ಗಿನ ಸೀಟು ನಿಜಕ್ಕೂ ಕಷ್ಟ. ಮುಂದಿನ ಸೀಟನ್ನು ಪೂರ್ತಿ ಹಿಂದಕ್ಕೆ ತಳ್ಳಿ, ಮೊದಲು ಬೆನ್ನು ಒಳಗೆ ಮಾಡಿ ಕೂರಲಿ, ಆಮೇಲೆ ಎರಡೂ ಕಾಲು ಒಟ್ಟಿಗೆ ತಿರುಗಿಸಿಕೊಳ್ಳಲಿ. ಇಳಿಯುವಾಗ ಇದರ ಉಲ್ಟಾ. ಒಂದು ಗಟ್ಟಿ ದಿಂಬು ಹಾಕಿದರೆ ಇನ್ನೂ ಸಲೀಸು.

ಕೊನೆಯಲ್ಲಿ ಒಂದು ಸಣ್ಣ ಮಾತು. ದುಡ್ಡು ಎಣಿಸಿ ಕೊಡುವ ದಿನವೇ ಎರಡನೇ ಕೀ ಕೇಳಿ ಇಸ್ಕೊಳ್ಳಿ. ಇವಕ್ಕೆ ಒಳಗೆ ಚಿಪ್ ಇರುವುದರಿಂದ ಬೀದಿಬದಿಯ ಅಂಗಡಿಯಲ್ಲಿ ನಕಲು ಮಾಡಿಸೋಕೆ ಆಗಲ್ಲ, ಹೊಸದಕ್ಕೆ ಸಾವಿರಗಟ್ಟಲೆ ಬೀಳುತ್ತದೆ. 'ಎಲ್ಲೋ ಇದೆ, ಹುಡುಕಿ ಕೊಡ್ತೀವಿ' ಅಂದರೆ ಅಷ್ಟು ದುಡ್ಡು ಮುರಿದುಕೊಂಡೇ ಕೊಡಿ. ಸಿಕ್ಕಿದ ಮೇಲೆ ಒಂದು ಮನೆಯ ಮೊಳೆಗೆ, ಇನ್ನೊಂದು ನಿಮ್ಮ ಬ್ಯಾಗಿಗೆ.