ಭಿಗವಣಕ್ಕೆ ಹೊರಡುವ ಮುನ್ನ ನೀರೆಷ್ಟಿದೆ ಕೇಳಿ

ಪುಣೆಯಿಂದ ಸೊಲ್ಲಾಪುರದ ಹೆದ್ದಾರಿ ಹಿಡಿದು ಸುಮಾರು ನೂರು ಕಿಲೋಮೀಟರ್ ಹೋದರೆ ಇಂದಾಪುರ ತಾಲೂಕಿನ ಭಿಗವಣ ಸಿಗುತ್ತದೆ. ಅಲ್ಲಿಂದ ಒಳದಾರಿಗೆ ತಿರುಗಿದರೆ ಕುಂಭಾರಗಾವ್, ಡಿಕ್ಸಳ ಎಂಬ ಊರುಗಳು. ಎಲ್ಲವೂ ಭೀಮೆಯ ಹಿನ್ನೀರಿನ ದಂಡೆಯವು, ಮೀನಿನ ಮೇಲೆ ಬದುಕುವವು. ಚಳಿಗಾಲ ಬಂತೆಂದರೆ ಬಲೆ ಹೊತ್ತು ತಿರುಗುವ ದೋಣಿಗಳೇ ಇಲ್ಲಿ ಕ್ಯಾಮೆರಾ ಹೊತ್ತವರನ್ನೂ ಕೂರಿಸಿಕೊಂಡು ಹೊರಡುತ್ತವೆ. ಹೋಗಬೇಕೆನ್ನುವವರು ಮೊದಲು ಕೇಳುವುದು ಯಾವ ತಿಂಗಳು ಒಳ್ಳೆಯದು ಎಂದು. ಕೇಳಬೇಕಾದ್ದು ಅದಲ್ಲ, ಈಗ ನೀರು ಎಲ್ಲಿಯವರೆಗೆ ಇಳಿದಿದೆ ಎಂದು.

ಯಾಕೆಂದರೆ ಇದು ಹರಿಯುವ ಹೊಳೆಯಲ್ಲ, ಉಜನಿ ಅಣೆಕಟ್ಟೆಯ ಹಿನ್ನೀರು. ಅಣೆಕಟ್ಟೆ ಮುಗಿದದ್ದು 1980ರಲ್ಲಿ. ಕಟ್ಟೆ ಇರುವುದು ಕೆಳಗೆ ಸೊಲ್ಲಾಪುರ ಜಿಲ್ಲೆಯಲ್ಲಿ, ಅದರ ನೀರು ಮೇಲಕ್ಕೆ ಪುಣೆ ಜಿಲ್ಲೆಯೊಳಗೆ ಭಿಗವಣದಾಚೆಗೂ ಚಾಚಿಕೊಂಡಿದೆ. ಒಟ್ಟು ಸುಮಾರು 117 ಟಿಎಂಸಿ ಹಿಡಿಯುವ ಈ ಜಲಾಶಯದಲ್ಲಿ 63 ಟಿಎಂಸಿಗೂ ಹೆಚ್ಚು, ಅಂದರೆ ಅರ್ಧಕ್ಕಿಂತ ಜಾಸ್ತಿ, ಡೆಡ್ ಸ್ಟೋರೇಜ್. ಬಳಕೆಯ ಲೆಕ್ಕಕ್ಕೆ ಸೇರದ ತಳದ ನೀರು ಅದು. ಅದಕ್ಕೇ ಪತ್ರಿಕೆಯಲ್ಲಿ ‘ಉಜನಿ ಶೂನ್ಯಕ್ಕೆ ಇಳಿಯಿತು’ ಎಂದು ಬಂದ ದಿನವೂ ಅಲ್ಲಿ ಕಣ್ಣಿಗೆ ಕಾಣುವಷ್ಟು ದೂರ ನೀರಿರುತ್ತದೆ. ಆಮೇಲೆ ಲೆಕ್ಕ ಮೈನಸ್‌ನಲ್ಲಿ ನಡೆಯುತ್ತದೆ. ಬೇಸಿಗೆಯಲ್ಲಿ ಊರವರ ಬಾಯಲ್ಲಿ ‘ಮೈನಸ್ ಎಷ್ಟು’ ಎಂಬುದೇ ಮಾತು. ಕೆಳಗೆ ಇದೇ ಭೀಮೆಯ ದಂಡೆಯಲ್ಲಿರುವ ಅಫಜಲಪುರ, ಇಂಡಿ ಕಡೆಯವರಿಗೆ ಈ ಲೆಕ್ಕ ಬಿಡಿಸಿ ಹೇಳಬೇಕಾಗಿಲ್ಲ. ಬೇಸಿಗೆಯಲ್ಲಿ ಬಾರದ ನೀರು, 2020ರ ಅಕ್ಟೋಬರಿನಲ್ಲಿ ಊರೂರಿಗೆ ನುಗ್ಗಿದ ನೀರು, ಎರಡೂ ಇದೇ ಹೊಳೆಯವು.

ಮಳೆಗಾಲ ಮುಗಿಯುವ ಹೊತ್ತಿಗೆ ಜಲಾಶಯ ತುಂಬಿರುತ್ತದೆ. ಆಗ ಭಿಗವಣದಲ್ಲಿ ದೋಣಿ ಏರಿದರೆ ನೀರೇ ನೀರು, ಹಕ್ಕಿ ಅಷ್ಟಕ್ಕಷ್ಟೆ. ಕಾಲುವೆಗೆ, ನದಿಗೆ ನೀರು ಬಿಡುತ್ತ ಹೋದಂತೆ ಆಳ ಕಡಿಮೆ ಇರುವ ಈ ಮೇಲಿನ ತುದಿ ಮೊದಲು ಬತ್ತತೊಡಗುತ್ತದೆ. ಮೊಣಕಾಲುದ್ದದ ನೀರು, ಅದರ ಕೆಳಗೆ ಮೆತ್ತನೆಯ ಕೆಸರು. ಫ್ಲೆಮಿಂಗೊಗಳಿಗೆ ಬೇಕಾದ್ದು ಇದೇ. ನಮ್ಮಲ್ಲಿ ಅನೇಕರು ರಾಜಹಂಸ ಎನ್ನುವ ಈ ಹಕ್ಕಿ ಕಾಲಿನಿಂದ ಕೆಸರು ತುಳಿದು ಕಲಕುತ್ತದೆ, ಉದ್ದ ಕತ್ತು ಬಗ್ಗಿಸಿ ಕೊಕ್ಕನ್ನು ತಲೆಕೆಳಗಾಗಿ ನೀರಿಗಿಳಿಸುತ್ತದೆ. ನಾಲಿಗೆ ಪಂಪಿನಂತೆ ನೀರನ್ನು ಒಳಗೆಳೆದು ಹೊರಗೆ ದಬ್ಬುತ್ತದೆ. ಕೊಕ್ಕಿನ ಅಂಚಿನ ಬಾಚಣಿಕೆಯಂಥ ಪದರದಲ್ಲಿ ಪಾಚಿ, ಸಣ್ಣ ಹುಳು, ಸಿಗಡಿಯಂಥ ಜೀವಿಗಳು ಸಿಕ್ಕಿಬೀಳುತ್ತವೆ. ರೆಕ್ಕೆಯ ಗುಲಾಬಿ ಬಣ್ಣ ಬರುವುದೂ ಆ ತಿನಿಸಿನಿಂದಲೇ. ನೀರು ಆಳವಾದರೆ ಈ ಊಟಕ್ಕೆ ದಾರಿಯಿಲ್ಲ, ಪೂರ್ತಿ ಒಣಗಿದರೂ ಇಲ್ಲ.

ಹೀಗಾಗಿ ಸಾಮಾನ್ಯವಾಗಿ ಜನವರಿಯಿಂದ ಮಾರ್ಚ್ ಒಳ್ಳೆಯ ಕಾಲ. ಆದರೆ ಮಳೆ ತಡವಾಗಿ ನಿಂತ ವರ್ಷ ಎಲ್ಲವೂ ಮುಂದೆ ಹೋಗುತ್ತದೆ, ಬರ ಬಿದ್ದ ವರ್ಷ ಹಿಂದೆ ಬರುತ್ತದೆ. ಹೊರಡುವ ಹಿಂದಿನ ದಿನ ದೋಣಿಯವರಿಗೆ ಫೋನ್ ಮಾಡಿ ಎರಡು ಪ್ರಶ್ನೆ ಕೇಳಿದರೆ ಸಾಕು: ದೋಣಿ ಈಗ ಎಲ್ಲಿಂದ ಬಿಡುತ್ತೀರಿ, ಅಲ್ಲಿಗೆ ಎಷ್ಟು ನಡೆಯಬೇಕು? ನೀರು ಇಳಿದಂತೆ ದೋಣಿ ಕಟ್ಟುವ ಜಾಗವೂ ದೂರ ಸರಿಯುತ್ತದೆ. ವಯಸ್ಸಾದವರು ಜೊತೆಗಿದ್ದರೆ ಕೆಸರಿನಲ್ಲಿ ನಡೆಯುವ ಆ ದೂರವೇ ಪ್ರವಾಸವನ್ನು ಕೆಡಿಸಬಹುದು.

ಫ್ಲೆಮಿಂಗೊ ಒಂದನ್ನೇ ಹಿಡಿದು ಕೂರಬೇಡಿ. ಗದಗ ಜಿಲ್ಲೆಯ ಮಾಗಡಿ ಕೆರೆಗೆ ಬರುವ ಪಟ್ಟೆತಲೆ ಹೆಬ್ಬಾತು ಇಲ್ಲಿಯೂ ಇಳಿಯುತ್ತದೆ, ಹಿಮಾಲಯ ದಾಟಿಕೊಂಡು ಬರುವ ಹಕ್ಕಿ ಅದು. ಬಣ್ಣದ ಕೊಕ್ಕರೆ, ಚಮಚದಂಥ ಕೊಕ್ಕಿನ ಹಕ್ಕಿ, ರೀವ, ಬಗೆಬಗೆಯ ಬಾತುಗಳು, ಮೀನಿಗೆಂದು ನೇರ ನೀರಿಗೆ ಧುಮುಕುವ ಡೇಗೆ. ನನ್ನ ಕೇಳಿದರೆ ಡೇಗೆ ಮೀನು ಎತ್ತಿಕೊಂಡು ಏಳುವುದನ್ನು ನೋಡುವುದೇ ಹೆಚ್ಚಿನ ಭಾಗ್ಯ.

ಪುಣೆಯಿಂದ ಬೆಳಗಿನ ಜಾವ ಹೊರಟರೆ ಎರಡು, ಎರಡೂವರೆ ತಾಸಿನ ದಾರಿ. ಸೊಲ್ಲಾಪುರದ ಬಸ್ಸುಗಳು ಸ್ವಾರಗೇಟಿನಿಂದ ಸಿಗುತ್ತವೆ. ಕಲಬುರಗಿ, ವಿಜಯಪುರದಿಂದ ಬರುವವರಿಗೆ ಸೊಲ್ಲಾಪುರದ ಮೇಲೆ ಬರುವುದೇ ಹತ್ತಿರ, ಅಲ್ಲಿಂದ ನೂರೈವತ್ತು ಕಿಲೋಮೀಟರ್. ಭಿಗವಣಕ್ಕೆ ರೈಲು ನಿಲ್ದಾಣವಿದ್ದರೂ ಎಕ್ಸ್‌ಪ್ರೆಸ್ ಹಿಡಿದು ಬರುವವರಿಗೆ ದೌಂಡ್ ಜಂಕ್ಷನ್ನಿನಲ್ಲಿ ಇಳಿದು ರಸ್ತೆಯಲ್ಲಿ ಹೋಗುವುದೇ ಅನುಕೂಲ.

ದೋಣಿಗೆ ಬಾಡಿಗೆ ತಲೆಗಿಷ್ಟೋ ಇಡೀ ದೋಣಿಗಿಷ್ಟೋ, ಎಷ್ಟು ಹೊತ್ತು, ಎಲ್ಲಿಯವರೆಗೆ ಎಂಬುದನ್ನು ದಡದಲ್ಲೇ ಮಾತಾಡಿ ಮುಗಿಸಿ. ಹತ್ತುವಾಗ ನಡುವೆ ಕಾಲಿಟ್ಟು ತಕ್ಷಣ ಕೂರಬೇಕು. ‘ಉಭೇ ರಾಹೂ ನಕಾ’ ಎಂದು ದೋಣಿಯವನು ಕೂಗಿದರೆ ನಿಲ್ಲಬೇಡಿ ಎಂದರ್ಥ, ಮರಾಠಿ ಬರಲಿ ಬಾರದಿರಲಿ ಅಷ್ಟು ತಿಳಿದಿರಲಿ. ಅನುಭವಿ ದೋಣಿಯವನು ಹಿಂಡು ಇನ್ನೂ ದೂರವಿರುವಾಗಲೇ ಇಂಜಿನ್ ಆಫ್ ಮಾಡಿ ಉದ್ದ ಕೋಲು ಊರಿ ತಳ್ಳತೊಡಗುತ್ತಾನೆ. ಹಕ್ಕಿಗಳು ತಿನ್ನುವುದು ಬಿಟ್ಟು ಒಮ್ಮೆಗೇ ಕತ್ತು ನಿಗುರಿಸಿ ಒಂದೇ ದಿಕ್ಕಿಗೆ ಹೆಜ್ಜೆ ಹಾಕತೊಡಗಿದವೆಂದರೆ ಅಲ್ಲಿಗೆ ನಿಲ್ಲಿಸಿ. ಹಾರುವ ಹಿಂಡಿನ ಫೋಟೋ ಬೇಕೆಂದು ಹೆಚ್ಚಿಗೆ ದುಡ್ಡು ಕೊಟ್ಟು ಎಬ್ಬಿಸುವವರಿದ್ದಾರೆ. ಅಂಥವರ ಜೊತೆ ಒಂದೇ ದೋಣಿಯಲ್ಲಿ ಕೂರುವ ಗ್ರಹಚಾರ ಯಾರಿಗೂ ಬೇಡ. ಬೆಳಗ್ಗೆ ಸೂರ್ಯ ಬೆನ್ನಿಗಿರುವಂತೆ ದೋಣಿ ತಿರುಗಿಸಲು ಹೇಳಿ, ಮೊಬೈಲಿನಲ್ಲೂ ಬಣ್ಣ ಸಿಗುತ್ತದೆ.

ಲೈಫ್ ಜಾಕೆಟ್ ವಿಷಯದಲ್ಲಿ ಮುಲಾಜು ಬೇಡ. ಎಲ್ಲರಿಗೂ ಇಲ್ಲ ಎಂದರೆ ಬೇರೆ ದೋಣಿ ನೋಡಿ. 2024ರ ಮೇ 21ರ ಸಂಜೆ ಕರಮಾಳಾ ತಾಲೂಕಿನ ಕುಗಾವ್‌ನಿಂದ ಇಂದಾಪುರ ತಾಲೂಕಿನ ಕಳಾಶಿಗೆ ಹೊರಟಿದ್ದ ದೋಣಿ ಇದೇ ಹಿನ್ನೀರಿನಲ್ಲಿ ಬಿರುಗಾಳಿಗೆ ಮಗುಚಿ ಆರು ಮಂದಿ ತೀರಿಕೊಂಡರು. ಅದು ಪ್ರವಾಸಿಗರ ದೋಣಿಯಲ್ಲ, ಎರಡು ದಂಡೆಯ ಊರವರು ದಿನವೂ ದಾಟುವ ದೋಣಿ. ಒಬ್ಬರು ಮಾತ್ರ ಈಜಿ ದಡ ಸೇರಿದರು. ಮಳೆಗಾಲಕ್ಕೆ ಮುಂಚಿನ ಸಂಜೆಗಳಲ್ಲಿ ಗಾಳಿ ಎಲ್ಲಿಂದ ಎದ್ದಿತೆಂದು ತಿಳಿಯುವುದೇ ಇಲ್ಲ. ಆದ್ದರಿಂದ ಏಪ್ರಿಲ್, ಮೇನಲ್ಲಿ ಹೋಗುವುದಾದರೆ ಬೆಳಗಿನ ಸುತ್ತೊಂದೇ ಸಾಕು.

ಇನ್ನೊಂದು ಮಾತು. ಪುಣೆ ನಗರವನ್ನು ದಾಟಿ ಬರುವ ಮುಳಾ-ಮುಠಾ ನದಿ ದೌಂಡ್‌ಗಿಂತ ಮೇಲೆಯೇ ಭೀಮೆಗೆ ಸೇರುತ್ತದೆ, ನಗರದ ಕೊಳಚೆಯೂ ಅದರೊಂದಿಗೆ. ನೀರು ಇಳಿದ ದಿನಗಳಲ್ಲಿ ಹಸಿರು ಪಾಚಿ, ವಾಸನೆ ಎರಡೂ ಇರುತ್ತವೆ. ದೋಣಿಯಂಚಿನಿಂದ ಕೈ ಇಳಿಬಿಟ್ಟು ನೀರಾಡುವ ಆಸೆಯನ್ನು ಇಲ್ಲಿ ಬಿಟ್ಟುಬಿಡಿ.

ಊಟದ ಮಾತಿಗೆ ಬಂದರೆ, ಭಿಗವಣದ ಮೀನು ಮಾರುಕಟ್ಟೆ ಸುತ್ತಲ ತಾಲೂಕುಗಳಿಗೆಲ್ಲ ಹೆಸರುವಾಸಿ. ಚಿಲಾಪಿ, ರೋಹು, ಕಟ್ಲಾ, ಅದೃಷ್ಟವಿದ್ದರೆ ಮರಳ್. ಊರಿನ ಮನೆಗಳಲ್ಲಿ ಜೋಳದ ಭಾಕ್ರಿ, ಮೀನಿನ ಖಾರದ ಸಾರು, ಹುರಿದ ಮೀನು ಬಡಿಸುತ್ತಾರೆ. ಖಾರ ನಮ್ಮ ಉತ್ತರ ಕರ್ನಾಟಕದವರಿಗೆ ಒಗ್ಗುವಂಥದ್ದು, ಮೈಸೂರು ಕಡೆಯವರು ಮೊಸರು ಕೇಳಿಟ್ಟುಕೊಳ್ಳಲಿ. ದೋಣಿ ಹತ್ತುವ ಮೊದಲೇ ಎಷ್ಟು ಜನ, ಅದರಲ್ಲಿ ಸಸ್ಯಾಹಾರಿಗಳೆಷ್ಟು ಎಂದು ಹೇಳಿ ಹೋಗಿ. ಬಂದ ಮೇಲೆ ಹೇಳಿದರೆ ಮೀನು ಹೆಚ್ಚಿ, ಮಸಾಲೆ ಅರೆದು, ಹಿಟ್ಟು ನಾದಿ ಮುಗಿಸುವ ಹೊತ್ತಿಗೆ ಮಧ್ಯಾಹ್ನದ ಬಸ್ಸು ಹೋಗಿರುತ್ತದೆ.